ಕೊಪ್ಪರಿಗೆಗೆ ಎಷ್ಟು ಹೃದಯ ಹಾಕೋಣ?

ಮಕ್ಕಳೇ, ಮಕ್ಕಳ ಅಜ್ಜ ಅಜ್ಜಿಯರೇ, ಈ ವಾರ ಒಂದು ವಿಡಿಯೊ ಗೇಮಿನ ವಿಚಾರ. ಅದೂ ಗುರಿಯಿಟ್ಟು ಹೊಡೆಯುವ ಆಟ. ಅದರಲ್ಲೂ ಬಹಳ ಕಷ್ಟದ್ದು. ಬಡ್ಡಿ, ಉಳಿತಾಯ, ಹಳೆಯ ನಾಣ್ಯ ಅಂತ ಬರೆದುಕೊಂಡಿದ್ದ ಈ ತಾತನಿಗೆ ಇದೇನು ಬಂತು ಎಂದು ಅಜ್ಜಿಯರು ಕನ್ನಡಕ ಸರಿಮಾಡಿಕೊಳ್ಳುತ್ತಿರಬಹುದು. ಸ್ವಲ್ಪ ತಾಳಿ. ಈ ಆಟದೊಳಗೆ ಒಂದು ಬ್ಯಾಂಕ್ ಇದೆ. ಹಾಗೆಂದು ಬೋರ್ಡು ಹಾಕಿಲ್ಲ, ನಿಜ. ಆದರೆ ಮೂವತ್ತೈದು ವರ್ಷ ಕೌಂಟರಿನ ಹಿಂದೆ ಕೂತವನ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ?

ಆಟದ ಹೆಸರು ‘ಕಿಡ್ ಇಕಾರಸ್: ಅಪ್‌ರೈಸಿಂಗ್’. ಜಪಾನಿನ ನಿಂಟೆಂಡೊ ಕಂಪನಿ 2012ರ ಮಾರ್ಚಿನಲ್ಲಿ ಹೊರತಂದದ್ದು. ಇದನ್ನು ಆಡಲು ನಿಂಟೆಂಡೊ ತ್ರೀಡಿಎಸ್ ಎಂಬ ಕೈಯಂತ್ರ ಬೇಕು. ಪುಸ್ತಕದಂತೆ ಮಡಚಿ ಜೇಬಿಗೆ ಹಾಕಿಕೊಳ್ಳುವ ಪೆಟ್ಟಿಗೆ. ಮೇಲೊಂದು ಪರದೆ, ಕೆಳಗೊಂದು ಪರದೆ. ಮೇಲಿನದರಲ್ಲಿ ವಿಶೇಷ ಕನ್ನಡಕವಿಲ್ಲದೆಯೇ ಚಿತ್ರಕ್ಕೆ ಆಳ ಕಾಣುತ್ತದೆ. ಕೆಳಗಿನದನ್ನು ಕಡ್ಡಿಯಂಥ ಪೆನ್ನಿನಿಂದ ಮುಟ್ಟಬೇಕು. ತೂಕ ಸುಮಾರು 235 ಗ್ರಾಂ, ಅಂದರೆ ಕಾಲು ಕೆ.ಜಿ. ಕಾಫಿಪುಡಿ ಪೊಟ್ಟಣಕ್ಕಿಂತ ಎರಡು ಚಮಚ ಕಡಿಮೆ. ಇದರ ತಯಾರಿಕೆ 2020ರಲ್ಲೇ ನಿಂತುಹೋಯಿತು. ನಮ್ಮ ಮನೆಯಲ್ಲಿರುವುದು ನನ್ನ ಕಿರಿಯ ಮಗ ಹೊರದೇಶದಲ್ಲಿ ಓದುವಾಗ ಕೊಂಡದ್ದು. ವರ್ಷಗಟ್ಟಲೆ ಬೀರುವಿನಲ್ಲಿ ಮಲಗಿತ್ತು. ಕಳೆದ ರಜೆಯಲ್ಲಿ ದೊಡ್ಡ ಮಗನ ಮಗ, ಎಂಟನೇ ಕ್ಲಾಸಿನವನು, ಅದನ್ನು ಎಬ್ಬಿಸಿ ಚಾರ್ಜು ಹಾಕಿದ.

ಹೆಸರಿನ ಕಥೆ ಮೊದಲು ಹೇಳಿಬಿಡುತ್ತೇನೆ. ಗ್ರೀಕರ ಪುರಾಣದಲ್ಲಿ ಡೀಡಲಸ್ ಎಂಬ ಶಿಲ್ಪಿ. ಕ್ರೀಟ್ ದ್ವೀಪದಲ್ಲಿ ಸೆರೆ ಸಿಕ್ಕವನು. ತಪ್ಪಿಸಿಕೊಳ್ಳಲು ಹಕ್ಕಿಗರಿಗಳನ್ನು ಮೇಣದಲ್ಲಿ ಅಂಟಿಸಿ ತನಗೂ ಮಗ ಇಕಾರಸನಿಗೂ ರೆಕ್ಕೆ ಮಾಡಿದ. ಹಾರುವ ಮೊದಲು ಮಗನಿಗೆ ಬುದ್ಧಿ ಹೇಳಿದ: ತೀರ ಕೆಳಗೆ ಹೋದರೆ ಸಮುದ್ರದ ತೇವಕ್ಕೆ ರೆಕ್ಕೆ ಭಾರವಾಗುತ್ತದೆ, ತೀರ ಮೇಲೆ ಹೋದರೆ ಬಿಸಿಲಿಗೆ ಮೇಣ ಕರಗುತ್ತದೆ, ನಡುವೆ ಹಾರು ಎಂದು. ಮಗ ಕೇಳಲಿಲ್ಲ. ಮೇಲೆ ಮೇಲೆ ಹೋದ, ಸಮುದ್ರಕ್ಕೆ ಬಿದ್ದ. ನಮ್ಮ ರಾಮಾಯಣದಲ್ಲೂ ಇಂಥದೇ ಒಂದು ಪ್ರಸಂಗವಿದೆಯಲ್ಲ? ಜಟಾಯುವೂ ಅವನ ಅಣ್ಣ ಸಂಪಾತಿಯೂ ಸೂರ್ಯನ ಕಡೆಗೆ ಹಾರಿದಾಗ, ತಮ್ಮನಿಗೆ ನೆರಳಾಗಲು ಹೋಗಿ ಸಂಪಾತಿಯ ರೆಕ್ಕೆ ಸುಟ್ಟುಹೋಯಿತು. ಎತ್ತರ ಅನ್ನುವುದು ಎಲ್ಲ ದೇಶದ ಮಕ್ಕಳನ್ನೂ ಕರೆಯುತ್ತದೆ ಅನ್ನಿ.

ಆಟದ ನಾಯಕ ಪಿಟ್. ಬೆನ್ನಿಗೆ ಬಿಳಿ ರೆಕ್ಕೆ ಇರುವ ಹುಡುಗ. ಆದರೆ ತಮಾಷೆ ಏನೆಂದರೆ, ರೆಕ್ಕೆ ಇದ್ದೂ ಅವನಿಗೆ ತಾನಾಗಿ ಹಾರಲು ಬರುವುದಿಲ್ಲ. ಬೆಳಕಿನ ದೇವತೆ ಪಲುಟೆನಾ ತನ್ನ ಶಕ್ತಿಯಿಂದ ಅವನನ್ನು ಹಾರಿಸುತ್ತಾಳೆ. ಅದೂ ಐದೇ ನಿಮಿಷ. ಅದಕ್ಕಿಂತ ಹೆಚ್ಚಾದರೆ ರೆಕ್ಕೆ ಸುಡುತ್ತದೆ. ಹೀಗಾಗಿ ಹೆಚ್ಚಿನ ಅಧ್ಯಾಯಗಳಲ್ಲಿ ಮೊದಲು ಆಕಾಶದಲ್ಲಿ ಯುದ್ಧ, ಆಮೇಲೆ ನೆಲದ ಮೇಲೆ ನಡೆದಾಡಿ ಯುದ್ಧ, ಕೊನೆಗೆ ಒಬ್ಬ ದೊಡ್ಡ ಎದುರಾಳಿ. ಒಟ್ಟು 25 ಅಧ್ಯಾಯಗಳಿವೆ. ಕತ್ತಲೆಯ ದೇವತೆ ಮೆಡೂಸಾಳ ಸೈನ್ಯ ಎದುರಿಗೆ. ಯುದ್ಧದ ನಡುವೆ ಪಲುಟೆನಾ, ಪಿಟ್, ಮೆಡೂಸಾ ಮೂವರೂ ಮಾತಾಡುತ್ತಲೇ ಇರುತ್ತಾರೆ. ಯಕ್ಷಗಾನದಲ್ಲಿ ಯುದ್ಧಕ್ಕಿಂತ ವಾಗ್ವಾದ ಹೆಚ್ಚು ಸ್ವಾರಸ್ಯ ಅನ್ನುತ್ತಾರಲ್ಲ, ಹಾಗೆ.

“ಮಕ್ಕಳ ಕೈಗೆ ಗುಂಡಿನ ಆಟ ಕೊಡುವುದೇ?” ಎಂದು ಅಜ್ಜಿಯರು ಕೇಳುವುದು ನ್ಯಾಯ. ನಮ್ಮ ಮನೆಯಾಕೆಯೂ ಮೊದಲು ಕೇಳಿದ್ದು ಅದನ್ನೇ. ಅಮೆರಿಕದಲ್ಲಿ ಇದನ್ನು 10 ವರ್ಷ ಮೇಲ್ಪಟ್ಟವರಿಗೆ ಎಂದು ಗುರುತಿಸಿದ್ದಾರೆ. ಯಂತ್ರದ ಆಳದ ಚಿತ್ರ 6 ವರ್ಷದೊಳಗಿನವರಿಗೆ ಬೇಡ ಎಂದು ಕಂಪನಿಯೇ ಹೇಳಿತ್ತು, ಅದನ್ನು ಪೂರ್ತಿ ನಿಲ್ಲಿಸುವ ಜಾರುಗುಂಡಿಯೂ ಪಕ್ಕದಲ್ಲೇ ಇದೆ. ರಕ್ತ ಇಲ್ಲ, ಹೆಣ ಇಲ್ಲ. ಹೊಡೆದದ್ದು ಹೊಳೆದು ಮಾಯವಾಗುತ್ತದೆ. ಎದುರಾಳಿಗಳಲ್ಲಿ ಒಬ್ಬ ಬದನೆಕಾಯಿ ಮಂತ್ರವಾದಿ ಇದ್ದಾನೆ. ಅವನ ಮಂತ್ರ ತಗುಲಿದರೆ ನಮ್ಮ ನಾಯಕ ಕಾಲು ಬಂದ ಬದನೆಕಾಯಿಯಾಗಿ ಸುಮ್ಮನೆ ಓಡಾಡಬೇಕು, ಹೊಡೆಯಲಾಗುವುದಿಲ್ಲ. ಈ ಮಂತ್ರವಾದಿ ಇಂದಿನವನಲ್ಲ, 1986ರಲ್ಲಿ ಬಂದ ಮೊದಲನೆಯ ‘ಕಿಡ್ ಇಕಾರಸ್’ನಿಂದಲೂ ಇದ್ದಾನೆ. ಆಗ ಬದನೆಕಾಯಿಯಾದವನು ಕೋಟೆಯೊಳಗಿನ ಆಸ್ಪತ್ರೆ ಹುಡುಕಿಕೊಂಡು ಹೋಗಬೇಕಿತ್ತು. ಇದನ್ನು ನೋಡಿದ ಮೇಲೆ ನಮ್ಮಾಕೆಯ ಭಯ ಹೋಯಿತು. ಆ ದಿನ ಎಣ್ಣೆಗಾಯಿ ಮಾಡಿ ಬಡಿಸುತ್ತ, “ತಗೋ, ನಿನ್ನ ನಾಯಕ” ಅಂದಳು.

ಹೊಡೆಯುವುದರಲ್ಲೂ ಒಂದು ವಿಚಿತ್ರವಿದೆ. ಬಟನ್ ಒತ್ತಿಹಿಡಿದರೆ ಸಣ್ಣ ಸಣ್ಣ ಹೊಡೆತ ಹೋಗುತ್ತಲೇ ಇರುತ್ತದೆ. ಆದರೆ ಒಂದು ಗಳಿಗೆ ಕೈ ತಡೆದು ಸುಮ್ಮನಿದ್ದರೆ ಆಯುಧದಲ್ಲಿ ಶಕ್ತಿ ತುಂಬುತ್ತದೆ, ಮುಂದಿನ ಹೊಡೆತ ಜೋರಾಗಿ ಬೀಳುತ್ತದೆ. ಪಟಪಟ ಒತ್ತುವವನಿಗಿಂತ ಕಾದು ಒತ್ತುವವನಿಗೆ ಲಾಭ. ಬಿಲ್ಲು, ಕತ್ತಿ, ಉಗುರು, ದೊಣ್ಣೆ, ಫಿರಂಗಿ ಎಂದು ಒಂಬತ್ತು ಬಗೆಯ ಆಯುಧಗಳು. ದೂರಕ್ಕೆ ಒಳ್ಳೆಯದು ಹತ್ತಿರಕ್ಕೆ ಆಗದು, ಹತ್ತಿರಕ್ಕೆ ಒಳ್ಳೆಯದು ದೂರಕ್ಕೆ ಆಗದು. ಎಲ್ಲದಕ್ಕೂ ಒಂದೇ ಮದ್ದು ಅನ್ನುವಂಥದು ಇಲ್ಲ.

ಇನ್ನು ಕಷ್ಟದ ವಿಷಯ. ಈ ಆಟದಲ್ಲಿ ಎರಡು ಜಾತಿಯ ಕಷ್ಟಗಳಿವೆ. ಎರಡನ್ನೂ ಬೇರೆ ಬೇರೆ ಲೆಡ್ಜರಿನಲ್ಲಿ ಬರೆಯಬೇಕು.

ಮೊದಲನೆಯದು ಕೈಯ ಕಷ್ಟ. ಎಡಗೈ ಹೆಬ್ಬೆರಳಿನಲ್ಲಿ ಒಂದು ಗುಂಡನೆಯ ಬಿಲ್ಲೆಯನ್ನು ಸರಿಸಿ ಪಿಟ್‌ನನ್ನು ನಡೆಸಬೇಕು. ಅದೇ ಎಡಗೈ ತೋರುಬೆರಳಿನಲ್ಲಿ ಅಂಚಿನ ಬಟನ್ ಒತ್ತಿ ಹೊಡೆಯಬೇಕು. ಬಲಗೈಯಲ್ಲಿ ಪೆನ್ನು ಹಿಡಿದು ಕೆಳಗಿನ ಪರದೆಯ ಮೇಲೆ ಗುರಿ ಇಡಬೇಕು. ಹಾಗಾದರೆ ಯಂತ್ರವನ್ನು ಹಿಡಿದುಕೊಳ್ಳುವವರು ಯಾರು? ಅದೂ ಎಡಗೈಯೇ. ಅತ್ತ ಓಡಿಸು, ಇತ್ತ ಹೊಡೆ, ಜೊತೆಗೆ ಭಾರವನ್ನೂ ಹೊರು ಎಂದರೆ ಒಂದು ಕೈಗೆ ಮೂರು ಹುದ್ದೆ. ಮೇಲಾಗಿ ನಡೆಯುವುದು, ಓಡುವುದು, ಪಕ್ಕಕ್ಕೆ ಜಿಗಿದು ತಪ್ಪಿಸಿಕೊಳ್ಳುವುದು ಎಲ್ಲಕ್ಕೂ ಅದೇ ಒಂದು ಬಿಲ್ಲೆ. ಮೆಲ್ಲಗೆ ತಳ್ಳಿದರೆ ಒಂದು, ಝಾಡಿಸಿದರೆ ಇನ್ನೊಂದು. ನೋಡುವ ದಿಕ್ಕು ತಿರುಗಿಸಲು ಪೆನ್ನಿನಿಂದ ಪರದೆಯನ್ನು ಬುಗುರಿ ತಿರುಗಿಸಿದಂತೆ ಸೆಳೆಯಬೇಕು.

ಜಪಾನಿನ ‘ಫಾಮಿತ್ಸು’ ಪತ್ರಿಕೆ ಈ ಆಟಕ್ಕೆ 40ಕ್ಕೆ 40 ಅಂಕ ಕೊಟ್ಟಿತು. ಪಶ್ಚಿಮದ ವಿಮರ್ಶಕರಲ್ಲಿ ಅನೇಕರು ಆಟವನ್ನು ಹೊಗಳುತ್ತಲೇ ಕೈ ನೋಯುತ್ತದೆ ಎಂದು ಬರೆದರು. ಇದು ಮಾಡಿದವರಿಗೂ ಗೊತ್ತಿದ್ದ ಹಾಗಿದೆ, ಯಾಕೆಂದರೆ ಆಟದ ಪೆಟ್ಟಿಗೆಯಲ್ಲೇ ಯಂತ್ರವನ್ನು ನಿಲ್ಲಿಸಲು ಒಂದು ಪ್ಲಾಸ್ಟಿಕ್ ಪೀಠ ಇಟ್ಟು ಕೊಟ್ಟರು. ನಮ್ಮ ವ್ಯಾಸಪೀಠದ ತಮ್ಮ ಅನ್ನಿ. ಎಡಗೈಯಲ್ಲಿ ಬರೆಯುವ ಮಕ್ಕಳಿಗೆ ಬಲಗಡೆಗೆ ಇನ್ನೊಂದು ಬಿಲ್ಲೆ ಕೂಡಿಸುವ ಉಪಕರಣವನ್ನು ಬೇರೆಯಾಗಿ ಕೊಳ್ಳಬೇಕಿತ್ತು.

ನನ್ನ ಅಭಿಪ್ರಾಯ ಇಷ್ಟು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಸರಿ. ಆದರೆ ಕೆಲವು ಸಲ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ. ನೆಲದ ಡೊಂಕಿಗೆ ಕುಣಿಯುವವಳನ್ನು ಬೈಯಬಾರದು. ಗಣಿತದ ಪ್ರಶ್ನೆ ಕಷ್ಟವಾಗಿದ್ದರೆ ಅದು ಪರೀಕ್ಷೆ. ಪ್ರಶ್ನೆಪತ್ರಿಕೆಯ ಅಕ್ಷರ ಮಸುಕಾಗಿ ಕಾಣದಿದ್ದರೆ ಅದು ಪರೀಕ್ಷೆ ಅಲ್ಲ, ಬರೀ ತೊಂದರೆ. ನಾನು ಕೆಲಸಕ್ಕೆ ಸೇರಿದಾಗ ದಿನದ ಕೊನೆಗೆ ಲೆಡ್ಜರು ತಾಳೆ ನೋಡುವುದು ಕಷ್ಟದ ಕೆಲಸವಾಗಿತ್ತು. ಹತ್ತು ಪೈಸೆ ವ್ಯತ್ಯಾಸಕ್ಕೆ ರಾತ್ರಿ ಒಂಬತ್ತಾಗುತ್ತಿತ್ತು. ಆ ಕಷ್ಟ ನಮ್ಮನ್ನು ತಿದ್ದಿತು. ಆದರೆ ಕೌಂಟರಿನ ಕಿಂಡಿ ಎತ್ತರವಾಗಿ, ಪಿಂಚಣಿಗೆ ಬಂದ ಅಜ್ಜಿಯರು ತುದಿಗಾಲಲ್ಲಿ ನಿಂತು ಚಲನ್ ಕೊಡುತ್ತಿದ್ದರಲ್ಲ, ಆ ಕಷ್ಟ ಯಾರನ್ನೂ ತಿದ್ದಲಿಲ್ಲ. ಮಕ್ಕಳೇ, ಯಾವುದಾದರೂ ಕೆಲಸ ಕಷ್ಟ ಅನ್ನಿಸಿದರೆ ಮೊದಲು ಕೇಳಿಕೊಳ್ಳಿ: ಕಷ್ಟ ಲೆಕ್ಕದ್ದೋ, ಕಿಂಡಿಯದೋ? ಕಿಂಡಿಯದಾದರೆ ನಾಚಿಕೆ ಬೇಡ, ಪೀಠ ಕೇಳಿ. ನಾವು ಮನೆಯಲ್ಲಿ ಆ ಪ್ಲಾಸ್ಟಿಕ್ ಪೀಠವನ್ನು ಊಟದ ಮೇಜಿನ ಮೇಲೆ ಇಟ್ಟೇ ಆಡುವುದು, ಅರ್ಧ ಗಂಟೆಗೊಮ್ಮೆ ಎದ್ದು ಕೈ ಕೊಡವುವುದು.

ಎರಡನೆಯದು ಲೆಕ್ಕದ ಕಷ್ಟ. ನಾನು ಬ್ಯಾಂಕ್ ಎಂದದ್ದು ಇದನ್ನೇ.

ಈ ಆಟದಲ್ಲಿ ದುಡ್ಡಿನ ಬದಲು ಹೃದಯಗಳು. ಎದುರಾಳಿಯನ್ನು ಸೋಲಿಸಿದರೆ ಸಣ್ಣ ಸಣ್ಣ ಹೃದಯಗಳು ಉದುರುತ್ತವೆ. ಅವನ್ನು ಕೂಡಿಟ್ಟು ಆಯುಧ ಕೊಳ್ಳಬಹುದು. ಇನ್ನೊಂದು ಖರ್ಚೂ ಇದೆ. ಪ್ರತಿ ಅಧ್ಯಾಯ ಶುರುವಾಗುವ ಮೊದಲು ಒಂದು ಭೂತಾಕಾರದ ಕೊಪ್ಪರಿಗೆ ಎದುರಿಗೆ ಬರುತ್ತದೆ. ಎಷ್ಟು ಕಷ್ಟದ ಆಟ ಬೇಕು ಎಂದು ನೀವು ಅದಕ್ಕೆ ಹೇಳಬೇಕು. ಸೊನ್ನೆಯಿಂದ 9.0ರವರೆಗೆ, ದಶಾಂಶದ ಒಂದೊಂದು ಮೆಟ್ಟಿಲು. ಎಣಿಸಿದರೆ 91 ಮೆಟ್ಟಿಲು. ಮಾಮೂಲು ದರ 2.0. ಅದು ಉಚಿತ. ಅದಕ್ಕಿಂತ ಮೇಲೆ ಹೋಗಬೇಕೆಂದರೆ ನಿಮ್ಮ ಉಳಿತಾಯದ ಹೃದಯಗಳನ್ನು ಕೊಪ್ಪರಿಗೆಗೆ ಸುರಿಯಬೇಕು. ಮೇಲೆ ಹೋದಷ್ಟೂ ಹೆಚ್ಚು ಸುರಿಯಬೇಕು. ಗೆದ್ದರೆ ಹಾಕಿದ್ದು ಹೆಚ್ಚಿಗೆಯೊಡನೆ ವಾಪಸ್ಸು ಬರುತ್ತದೆ, ಒಳ್ಳೆಯ ಆಯುಧಗಳೂ ಸಿಗುತ್ತವೆ. ಬಿದ್ದರೆ ಹಾಕಿದ್ದರಲ್ಲಿ ಒಂದು ಪಾಲು ಚೆಲ್ಲಿ ಹೋಗುತ್ತದೆ. ಮೆಟ್ಟಿಲು 1.0ರಷ್ಟು ತಾನೇ ಕೆಳಗಿಳಿಯುತ್ತದೆ, ಅಲ್ಲಿಂದ ಮತ್ತೆ ಮುಂದುವರಿಯಬಹುದು.

ನನಗೆ ಇಷ್ಟವಾದ ಕಲಮು ಇನ್ನೊಂದು. 2.0ಕ್ಕಿಂತ ಕೆಳಗೆ ಇಳಿಯಲೂ ಹೃದಯ ಕೊಡಬೇಕು! ಸುಲಭವೂ ಬಿಟ್ಟಿ ಅಲ್ಲ. ಅವಧಿಗೆ ಮೊದಲೇ ಠೇವಣಿ ಮುರಿದರೆ ಬಡ್ಡಿಯಲ್ಲಿ ಕಡಿತ ಮಾಡುತ್ತೇವಲ್ಲ, ಅದೇ ನಿಯಮ. ಡೀಡಲಸ್ ಮಗನಿಗೆ ಹೇಳಿದ್ದೂ ಇದನ್ನೇ ತಾನೇ? ಸಮುದ್ರಕ್ಕೆ ಹತ್ತಿರವಾದರೂ ಬೆಲೆ ತೆರಬೇಕು, ಸೂರ್ಯನಿಗೆ ಹತ್ತಿರವಾದರೂ ಬೆಲೆ ತೆರಬೇಕು. ಪುರಾಣದ ಮಾತನ್ನು ಯಾರೋ ಕೂತು ದರಪಟ್ಟಿ ಮಾಡಿಟ್ಟ ಹಾಗಿದೆ.

ಆ ಯಾರೋ, ಮಸಾಹಿರೊ ಸಕುರಾಯಿ ಎಂಬುವರು. 1970ರಲ್ಲಿ ಹುಟ್ಟಿದವರು. 1992ರಲ್ಲಿ ಅವರು ಮಾಡಿದ ‘ಕಿರ್ಬಿ’ ಎಂಬ ಗುಂಡು ಗುಂಡಾದ ಪಾತ್ರದ ಆಟ, ಮೊದಲ ಸಲ ಯಂತ್ರ ಹಿಡಿದವರೂ ಆಡಿ ಮುಗಿಸಲಿ ಎಂದು ಸುಲಭವಾಗಿ ಮಾಡಿದ್ದು. ಅದೇ ಮನುಷ್ಯ ಇಪ್ಪತ್ತು ವರ್ಷದ ಮೇಲೆ ಇಷ್ಟು ಕಷ್ಟದ ಆಟ ಮಾಡಿದರು. ಎರಡಕ್ಕೂ ವಿರೋಧ ಇಲ್ಲ ಎಂದು ನನಗೆ ತೋರುತ್ತದೆ. ಆಟದ ರುಚಿ ಇರುವುದು ಅಪಾಯ ಮತ್ತು ಪ್ರತಿಫಲದ ತೂಕದಲ್ಲಿ ಎಂಬುದು ಅವರು ಬಹಳ ವರ್ಷದಿಂದ ಹೇಳಿಕೊಂಡು ಬಂದ ಮಾತು. ಸಾಲ ಕೊಡುವ ಮೇನೇಜರೂ ದಿನವಿಡೀ ಇದೇ ತೂಕ ಮಾಡುತ್ತಾನೆ. ವ್ಯತ್ಯಾಸವೆಂದರೆ ಇಲ್ಲಿ ತಕ್ಕಡಿ ಇರುವುದು ಆಡುವ ಮಗುವಿನ ಕೈಯಲ್ಲಿ.

ನಮ್ಮ ಮೊಮ್ಮಗ ಮೊದಲ ವಾರವೇ ಕೂಡಿಟ್ಟ ಹೃದಯವನ್ನೆಲ್ಲ ಸುರಿದು 7.0 ಇಟ್ಟ. ಅವನ ಚಿಕ್ಕಪ್ಪ ಕಾಲೇಜಿನಲ್ಲಿದ್ದಾಗ ಅಷ್ಟರಲ್ಲಿ ಆಡುತ್ತಿದ್ದನಂತೆ. ಆಕಾಶದಲ್ಲೇ ಬಿದ್ದ, 6.0 ಆಯಿತು. ನೆಲಕ್ಕಿಳಿದ ಮೇಲೆ ಬಿದ್ದ, 5.0. ಮತ್ತೆ ಬಿದ್ದ, 4.0. ಅಲ್ಲಿ ನಿಂತುಕೊಂಡ. ಆ ಅಧ್ಯಾಯದಲ್ಲಿ ಒಂದು ಬಾಗಿಲಿತ್ತು. ಇಂತಿಷ್ಟು ಮೆಟ್ಟಿಲಿನಲ್ಲಿ ಆಡುವವರಿಗೆ ಮಾತ್ರ ತೆರೆಯುವ ಬಾಗಿಲುಗಳು ಈ ಆಟದಲ್ಲಿ ಅಲ್ಲಲ್ಲಿ ಇವೆ, ಒಳಗೆ ಏನೋ ಬಹುಮಾನ ಇರುತ್ತದೆ. ಅವನ 4.0ಕ್ಕೆ ಅದು ತೆರೆಯಲಿಲ್ಲ. ಅಳು ಬಂತು, ಯಂತ್ರ ಮಡಚಿಟ್ಟ. ಮಾರನೆಯ ದಿನ ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಕೂತಿದ್ದ. ಅಧ್ಯಾಯ, ಇಟ್ಟ ಮೆಟ್ಟಿಲು, ಮುಗಿಸಿದ ಮೆಟ್ಟಿಲು, ಉಳಿದ ಹೃದಯ ಎಂದು ನಾಲ್ಕು ಕಾಲಂ. ಯಾರೂ ಹೇಳಿಕೊಡಲಿಲ್ಲ. ನೋಡಿ ನನ್ನ ಎದೆ ಉಬ್ಬಿತು. ಒಂದು ತಿಂಗಳಲ್ಲಿ ಅವನು ಕಂಡುಕೊಂಡದ್ದು: 3.5ಕ್ಕೆ ಇಟ್ಟರೆ ಬೀಳುವುದಿಲ್ಲ, ಆದರೆ ಬೇಜಾರು. 4.5ಕ್ಕೆ ಇಟ್ಟರೆ ಹತ್ತಕ್ಕೆ ಆರು ಸಲ ದಾಟುತ್ತಾನೆ, ಕೈ ಬೆವರುತ್ತದೆ. “ಇದೇ ನನ್ನ ನಂಬರ್ ತಾತ, ಸದ್ಯಕ್ಕೆ” ಅಂದ. ಆ ‘ಸದ್ಯಕ್ಕೆ’ ಅನ್ನುವ ಪದ ನನಗೆ ಬಹಳ ಹಿಡಿಸಿತು.

ನಾನು? ನಾನು 2.0. ಇಳಿಸಲು ಹೃದಯ ಖರ್ಚು ಮಾಡುವುದಿಲ್ಲ, ಏರಿಸಲು ಧೈರ್ಯ ಮಾಡುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಬೆಳೆದವನು. ಎರಡನೆಯ ಅಧ್ಯಾಯದಲ್ಲಿ ಇದ್ದೇನೆ, ಅಲ್ಲೇ ಸುಖವಾಗಿದ್ದೇನೆ.

ಇಷ್ಟೇ ಆಗಿದ್ದರೆ ಅಂಕಣ ಬರೆಯುತ್ತಿರಲಿಲ್ಲ. ರಜೆ ಮುಗಿಯಿತು. ಮೊಮ್ಮಗನನ್ನು ಶಾಲೆಯ ಜೊತೆಗೆ ಒಂದು ಕೋಚಿಂಗ್ ಕ್ಲಾಸಿಗೆ ಸೇರಿಸಿದ್ದರು. ಎಂಟನೆಯವರಿಗೆ ಹತ್ತನೆಯದರ ಪಾಠ, ವಾರಕ್ಕೆರಡು ಟೆಸ್ಟು, ಗೋಡೆಯ ಮೇಲೆ ರ‍್ಯಾಂಕ್ ಪಟ್ಟಿ. ಎರಡು ತಿಂಗಳಲ್ಲಿ ಹುಡುಗ ಊಟದ ಮೇಜಿನಲ್ಲಿ ಮಾತಾಡುವುದನ್ನೇ ಬಿಟ್ಟ. ಒಂದು ರಾತ್ರಿ ನನ್ನ ಪಕ್ಕ ಮಲಗಿದವನು ಕತ್ತಲಲ್ಲಿ ಕೇಳಿದ: “ತಾತ, ಕ್ಲಾಸಲ್ಲಿ ಬಿದ್ರೆ ಒಂದು ಮೆಟ್ಟಿಲು ಇಳಿಸ್ಕೊಳ್ಳಕ್ಕೆ ಆಗಲ್ವಾ?”

ಹತ್ತು ನಿಮಿಷ ನನಗೆ ಉತ್ತರ ಹೊಳೆಯಲಿಲ್ಲ. ಮಗು ಕೇಳಿದ್ದು ಸುಲಭ ಮಾಡಿ ಎಂದಲ್ಲ. ಬಿಟ್ಟುಬಿಡುತ್ತೇನೆ ಎಂದೂ ಅಲ್ಲ. ಒಂದೇ ಒಂದು ಮೆಟ್ಟಿಲು. ಒಂದು ಆಟದ ಕೊಪ್ಪರಿಗೆಗೆ ಇರುವ ಕರುಣೆ ನಮ್ಮ ಟೈಮ್‌ಟೇಬಲ್ಲಿಗೆ ಇಲ್ಲವಲ್ಲ ಅನ್ನಿಸಿತು. ಅಲ್ಲಿ ಬಿದ್ದವನನ್ನು ಸೊನ್ನೆಗೆ ದಬ್ಬುವುದಿಲ್ಲ, ಬಿದ್ದ ಜಾಗದಲ್ಲೇ ಮತ್ತೆ ಮತ್ತೆ ಬಡಿಯುವುದೂ ಇಲ್ಲ. ಅದಕ್ಕಿಂತ ಮುಖ್ಯವಾದದ್ದು, ಕೊಪ್ಪರಿಗೆಗೆ ಸುರಿಯುವವನೂ ಅವನೇ, ಬೀಳುವವನೂ ಅವನೇ. ಇಲ್ಲಿ ಹಾಗಲ್ಲ. ಮೆಟ್ಟಿಲು ಇಟ್ಟವರು ನಾವು ದೊಡ್ಡವರು, ಸುರಿದದ್ದು ಅವನ ಹೃದಯ. ಖಾತೆದಾರನ ಸಹಿ ಇಲ್ಲದೆ ಹಣ ತೆಗೆಯಬಾರದು ಎಂಬುದು ಬ್ಯಾಂಕಿನಲ್ಲಿ ಮೊದಲ ದಿನ ಕಲಿಸುವ ಪಾಠ.

ಮಗನೊಡನೆ ಮಾತಾಡಿದೆ. ಅವನು, “ಅಪ್ಪಾ, ಕೈ ಕೆಸರಾದರೆ ಬಾಯಿ ಮೊಸರು ಅಂತ ನೀವೇ ಹೇಳ್ತಿದ್ರಿ. ಪ್ರಪಂಚ 2.0ರಲ್ಲಿ ನಡೆಯಲ್ಲ” ಅಂದ. ಅವನ ಮಾತಿನಲ್ಲೂ ಹುರುಳಿದೆ. ಸ್ಪರ್ಧೆ ಇದೆ, ಸೀಟು ಕಡಿಮೆ, ಅಪ್ಪ ಅಮ್ಮನಿಗೆ ನಿದ್ದೆ ಬರುವುದಿಲ್ಲ. ಕಷ್ಟವೇ ಬೇಡ ಎಂದು ನಾನೂ ಹೇಳಲಿಲ್ಲ. ಕೆಳಗೆ ಇಳಿಸುವುದಕ್ಕೂ ಬೆಲೆ ಇದೆ ಎಂದು ಆಟವೇ ಹೇಳುತ್ತದೆಯಲ್ಲ. ನಾನು ಕೇಳಿದ್ದು ಒಂದೇ: ಅವನ ನೋಟ್‌ಬುಕ್ ನೋಡಿದ್ದೀಯಾ? ಮಗ ನೋಡಿರಲಿಲ್ಲ. ಆ ಭಾನುವಾರ ಅಪ್ಪ ಮಗ ಕೂತು ನೋಡಿದರು. ಹಿಂದಿನ ಪುಟದಲ್ಲಿ ಹುಡುಗ ಕೋಚಿಂಗಿನ ಟೆಸ್ಟುಗಳಿಗೂ ಅದೇ ನಾಲ್ಕು ಕಾಲಂ ಎಳೆದಿದ್ದ. ಕೊನೆಯ ಕಾಲಂ, ಉಳಿದ ಹೃದಯ, ಎಲ್ಲ ಸಾಲಿನಲ್ಲೂ ಖಾಲಿ ಬಿಟ್ಟಿದ್ದ.

ಈಗ ಗಣಿತದ ಕ್ಲಾಸಿಗೆ ಮಾತ್ರ ಹೋಗುತ್ತಾನೆ, ಅದು ಅವನೇ ಆರಿಸಿದ್ದು. ವಿಜ್ಞಾನದ್ದು ಈ ವರ್ಷ ಬೇಡ ಎಂದಾಯಿತು. ಇದರಿಂದ ಮುಂದೆ ರ‍್ಯಾಂಕ್ ಬರುತ್ತದೋ ಹೋಗುತ್ತದೋ ನಾನು ಜ್ಯೋತಿಷಿಯಲ್ಲ. ಸೊಸೆಗೆ ಇನ್ನೂ ಅಳುಕು ಇದೆ. ಹುಡುಗ ಮಾತ್ರ ಊಟದ ಹೊತ್ತಿನಲ್ಲಿ ಮತ್ತೆ ತಲೆ ತಿನ್ನುತ್ತಿದ್ದಾನೆ.

ಪಣ ಎಂಬ ಮಾತು ಬಂದದ್ದರಿಂದ ಒಂದು ಎಚ್ಚರಿಕೆಯನ್ನೂ ಬರೆದುಬಿಡುತ್ತೇನೆ. ಕೊಪ್ಪರಿಗೆಯ ಹೃದಯಗಳು ಆಡಿ ಗಳಿಸಿದವು, ಅಪ್ಪನ ಪರ್ಸಿನಿಂದ ಬಂದವಲ್ಲ. ಕಳೆದರೆ ನಾಳೆ ಮತ್ತೆ ಆಡಿ ಗಳಿಸಬಹುದು. ಮೊಬೈಲಿನಲ್ಲಿ ರೂಪಾಯಿ ಕಟ್ಟಿ ಆಡುವ ಆಟಗಳು ಬೇರೆ ಜಾತಿಯವು. 2025ರಲ್ಲಿ ನಮ್ಮ ಸಂಸತ್ತು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕಾನೂನು ಮಾಡಿದೆ. ಅಲ್ಲಿ ಗೆಲ್ಲುವ ಆಸೆ ನಿಮ್ಮದು, ಗೆಲ್ಲುವ ಲೆಕ್ಕ ಅಂಗಡಿಯವನದು. ಮಕ್ಕಳೇ, ಯಾವುದಾದರೂ ಆಟ ಓಟಿಪಿ ಕೇಳಿದರೆ ಅದು ಆಟವಲ್ಲ. ಕೂಡಲೇ ದೊಡ್ಡವರ ಕೈಗೆ ಫೋನು ಕೊಡಿ. ಅಜ್ಜಂದಿರೇ, ನಿಮಗೂ ಇದೇ ಮಾತು.

ಒಟ್ಟಿನಲ್ಲಿ ಆಟ ಹೇಗಿದೆ ಎಂದು ಕೇಳಿದರೆ: ಮಾತು ಚೆನ್ನ, ಬಣ್ಣ ಚೆನ್ನ, ಬದನೆಕಾಯಿ ಬಹಳ ಚೆನ್ನ, ಹಿಡಿತ ಚೆನ್ನಾಗಿಲ್ಲ. ಹಿಡಿತಕ್ಕೆ ನೂರಕ್ಕೆ ನಲವತ್ತು ಕೊಡುತ್ತೇನೆ, ಕೊಪ್ಪರಿಗೆಗೆ ನೂರಕ್ಕೆ ನೂರು. ಇದಕ್ಕಾಗಿ ಯಾರೂ ಹಳೆಯ ಯಂತ್ರ ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಮನೆಯ ಬೀರುವಿನಲ್ಲಿ ಇದ್ದರೆ ಧೂಳು ಒರೆಸಿ, ಪೀಠ ಹುಡುಕಿ, 2.0ರಿಂದ ಶುರುಮಾಡಿ. ಇಲ್ಲದಿದ್ದರೂ ನಷ್ಟವಿಲ್ಲ. ಚೌಕಾಬಾರ, ಕುಂಟೆಬಿಲ್ಲೆ, ಸಂಗೀತದ ಪಾಠ, ಸೈಕಲ್ಲು, ಯಾವುದಕ್ಕಾದರೂ ಒಂದು ಕೊಪ್ಪರಿಗೆ ಇದ್ದೇ ಇರುತ್ತದೆ.

ಅಜ್ಜ ಅಜ್ಜಿಯರಿಗೆ ನನ್ನದೊಂದು ಮನವಿ. ಶಾಲೆಯಿಂದ ಬಂದ ಮಗುವನ್ನು “ಎಷ್ಟು ಮಾರ್ಕ್ಸ್ ಬಂತು?” ಎನ್ನುವ ಮೊದಲು “ಇವತ್ತು ಎಷ್ಟಕ್ಕೆ ಇಟ್ಟಿದ್ದೆ?” ಎಂದು ಕೇಳಿ. 3 ಅಂದರೂ ಸರಿ, 7 ಅಂದರೂ ಸರಿ. ಯಾರು ಇಟ್ಟದ್ದು ಎಂದು ಮಾತ್ರ ಮರೆಯದೆ ವಿಚಾರಿಸಿ.

ಮಕ್ಕಳೇ, ನೀವು ಒಂದು ಪೋಸ್ಟ್‌ಕಾರ್ಡಿನಲ್ಲಿ ಬರೆದು ಕಳಿಸಿ. ನಿಮಗೆ ಇಷ್ಟವಾದ ಒಂದು ಕಷ್ಟದ ಕೆಲಸ ಯಾವುದು, ಅದರಲ್ಲಿ ನಿಮ್ಮ ಸದ್ಯದ ನಂಬರ್ ಎಷ್ಟು? ದಶಾಂಶ ಬಿಡಬೇಡಿ. ನಾನು ಲೆಡ್ಜರು ತೆರೆದು ಕೂತಿರುತ್ತೇನೆ.